‘ಡೀಮ್ಡ್’ ಎಂದರೆ ‘ಭಾವಿಸಲಾಗಿದೆ’ ಎಂದಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ಹದಿನೈದು ದಿನಗಳಲ್ಲಿ ತಮ್ಮ ಪತ್ರಿಕೆಯ ಕರಾವಳಿ ಪುಟಗಳಲ್ಲಿ ‘ಡೀಮ್’ ಎಂಬ ಒಂದೇ ಇಂಗ್ಲಿಷ್ ಕ್ರಿಯಾಪದ ಮೂರು ಕಡೆ ಮೂರು ಬಗೆಯಾಗಿ ಕನ್ನಡಕ್ಕೆ ಬಂದಿತ್ತು. ಡೀಮ್ಡ್ ಫಾರೆಸ್ಟ್ ಕುರಿತ ವರದಿಯಲ್ಲಿ ಅದು ‘ಅರಣ್ಯವೆಂದು ಶಂಕಿಸಲಾದ ಜಾಗ’ ಎಂದಾಗಿತ್ತು. ಪ್ರವೇಶಾತಿಯ ಸುದ್ದಿಯೊಂದರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವು ‘ಸ್ವಾಯತ್ತ ವಿಶ್ವವಿದ್ಯಾಲಯ’ವಾಗಿತ್ತು. ಲಂಚದ ಪ್ರಕರಣದಲ್ಲಿ ಸೆರೆಯಾದ ನೌಕರನೊಬ್ಬನು ‘ಅಮಾನತುಗೊಂಡಿದ್ದಾನೆಂದು ಭಾವಿಸಲಾಗಿದೆ’ ಎಂದು ಅಚ್ಚಾಗಿತ್ತು. ಮೂರೂ ತಪ್ಪು, ಮೂರೂ ಬೇರೆ ಬೇರೆ ತಪ್ಪು. ನ್ಯಾಯಾಲಯದ ಭಾಷಾಂತರಕಾರನಾಗಿ ದುಡಿದು ನಿವೃತ್ತನಾದ ನನಗೆ ಈ ಶಬ್ದದೊಂದಿಗೆ ಹಳೆಯ ಜಗಳವಿದೆ. ಅದರಲ್ಲಿ ನಾನೂ ಹಲವು ಸಲ ಸೋತಿದ್ದೇನೆ. ಆದ್ದರಿಂದ ಇದನ್ನು ದೂರೆಂದು ತಿಳಿಯದೆ, ಸ್ವಲ್ಪ ಉದ್ದವಾದರೂ ಪ್ರಕಟಿಸಬೇಕೆಂದು ವಿನಂತಿ.

ಆ ಶಬ್ದಕ್ಕೆ ಎರಡು ಕೆಲಸಗಳಿವೆ. ಮೊದಲನೆಯದು ತೂಗಿ ನೋಡಿ ಅಭಿಪ್ರಾಯಕ್ಕೆ ಬರುವ ಕೆಲಸ. ದಾವಾಪತ್ರದ ಕೊನೆಯಲ್ಲಿ ‘ಮಾನ್ಯ ನ್ಯಾಯಾಲಯಕ್ಕೆ ಯುಕ್ತವೆಂದು ಕಂಡುಬರುವ ಇತರ ಪರಿಹಾರಗಳನ್ನೂ ದಯಪಾಲಿಸಬೇಕು’ ಎಂದು ಪ್ರಾರ್ಥಿಸುವ ರೂಢಿ ಉಂಟಲ್ಲ, ಅಲ್ಲಿನ ‘ಯುಕ್ತವೆಂದು ಕಂಡುಬರುವ’ ಎಂಬುದು ಇಂಗ್ಲಿಷ್ ಪ್ರತಿಯಲ್ಲಿ ಇದೇ ‘ಡೀಮ್’. ನ್ಯಾಯಾಧೀಶರು ನೋಡುತ್ತಾರೆ, ತೂಗುತ್ತಾರೆ, ಸರಿ ಎನಿಸಿದ್ದನ್ನು ಕೊಡುತ್ತಾರೆ. ಈ ಬಳಕೆಯನ್ನು ನಮ್ಮವರು ಚೆನ್ನಾಗಿಯೇ ಅನುವಾದಿಸಿದ್ದಾರೆ. ‘ಸರಿಕಂಡಂತೆ’ ಎಂಬ ನಮ್ಮ ಹಳೆಯ ಮಾತು ಇದಕ್ಕೆ ಮೈಗೆ ಹೊಲಿಸಿದ ಅಂಗಿಯಂತಿದೆ. ಇಂಗ್ಲಿಷಿನಲ್ಲಿ ಬರೆಯುವ ನಮ್ಮ ಯುವಕರಿಗೆ ಒಂದೆರಡು ಮಾತು ಹೇಳುವುದಾದರೆ, ಇದು ಕಚೇರಿಯ, ಕಾನೂನಿನ, ಗಂಭೀರ ಬರವಣಿಗೆಯ ಶಬ್ದ. ಇಂಗ್ಲಿಷರೂ ಮೀನು ಮಾರುಕಟ್ಟೆಯಲ್ಲಿ ಇದನ್ನು ಬಾಯಿಗೆ ತರುವುದಿಲ್ಲ. ‘ರಿಗಾರ್ಡ್’ ಎಂಬುದರ ಬೆನ್ನಿಗೆ ‘ಆ್ಯಸ್’ ಬೇಕು, ಇದರ ಬೆನ್ನಿಗೆ ಬೇಡ. ನಮ್ಮ ಅರ್ಜಿಗಳಲ್ಲಿ ಇದರ ಬೆನ್ನಿಗೂ ಆ ‘ಆ್ಯಸ್’ ನುಸುಳುವುದಕ್ಕೆ ನಮ್ಮ ‘ಎಂದು’ ಕಾರಣವಿರಬೇಕು: ‘ಅರ್ಹನೆಂದು’ ಎಂಬುದನ್ನು ಇಂಗ್ಲಿಷ್ ಮಾಡುವಾಗ ಆ ‘ಎಂದು’ವಿಗೂ ಒಂದು ಶಬ್ದ ಕೊಡದಿದ್ದರೆ ನಮಗೆ ಸಮಾಧಾನವಿಲ್ಲ.

ಎರಡನೆಯ ಕೆಲಸವೇ ಈ ಪತ್ರದ ವಿಷಯ. ಕಾಯಿದೆಯೊಂದು ‘ಡೀಮ್ಡ್’ ಎಂದಾಗ ಅಲ್ಲಿ ತೂಗುವ ಕೆಲಸವೇ ಇಲ್ಲ. ಇನ್ನು ತೂಗಬೇಡ ಎಂಬ ಅಪ್ಪಣೆ ಉಂಟು. ವಾಸ್ತವದಲ್ಲಿ ಹೇಗಿದ್ದರೂ ಇಂಥದ್ದನ್ನು ಹೀಗೆಂದೇ ಹಿಡಿದು ಮುಂದಿನ ವ್ಯವಹಾರ ನಡೆಸತಕ್ಕದ್ದು ಎಂದು ಶಾಸನಸಭೆ ವಿಧಿಸುತ್ತದೆ. ಒಂದೇ ಶಬ್ದದೊಳಗೆ ‘ವಿಚಾರ ಮಾಡಿ ಹೇಳು’ ಎಂಬುದೂ ‘ವಿಚಾರ ಮಾಡಬೇಡ, ಹೀಗೆಂದೇ ನಡೆದುಕೋ’ ಎಂಬುದೂ ಕುಳಿತಿವೆ. ನಾವು ಎರಡಕ್ಕೂ ‘ಭಾವಿಸು’ ಎಂಬ ಒಂದೇ ಮುದ್ರೆ ಒತ್ತಿದೆವು. ಅದು ಸಾಲದೆಂಬಂತೆ ಪತ್ರಿಕೆಗಳಲ್ಲಿ ಅದೇ ಕ್ರಿಯಾಪದ ಗಾಳಿಸುದ್ದಿಗೂ ಸಲ್ಲುತ್ತದೆ: ‘ಆರೋಪಿ ಹೊರರಾಜ್ಯಕ್ಕೆ ಪರಾರಿಯಾಗಿದ್ದಾನೆಂದು ಭಾವಿಸಲಾಗಿದೆ.’ ಇದನ್ನೂ ಶಾಸನದ ವಿಧಿಯನ್ನೂ ಒಂದೇ ಪುಟದಲ್ಲಿ ಓದುವವನಿಗೆ ಎರಡರ ತೂಕ ಒಂದೇ ಎಂದು ಕಂಡರೆ ತಪ್ಪು ಅವನದಲ್ಲ.

ಇದರಿಂದ ಆಗುವ ಹಾನಿ ಬರಿಯ ವ್ಯಾಕರಣದ್ದಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ನನ್ನ ಸೇವೆಯ ನಡುವಿನ ವರ್ಷಗಳಲ್ಲಿ ಕಾಪು ಕಡೆಯ ಒಬ್ಬ ವೃದ್ಧರು ಒಂದು ಕಾಗದ ಹಿಡಿದು ನನ್ನ ಮೇಜಿನ ಬಳಿ ಬಂದಿದ್ದರು. ಮಕ್ಕಳೆಲ್ಲ ಮುಂಬಯಿಯಲ್ಲಿ, ಮಳೆಗಾಲ ಪೂರ್ತಿ ಇವರೂ ಅಲ್ಲೇ ಇದ್ದು, ಊರ ಮನೆಗೆ ಬೀಗ. ಆ ಅವಧಿಯಲ್ಲಿ ಎದುರು ಕಕ್ಷಿಯ ವಕೀಲರು ಕಳಿಸಿದ ರಿಜಿಸ್ಟರ್ಡ್ ನೋಟೀಸು ‘ಬಾಗಿಲು ಹಾಕಿದೆ’ ಎಂಬ ಷರಾದೊಂದಿಗೆ ಹಿಂದಿರುಗಿತ್ತು. ಆಮೇಲೆ ಬಂದ ಕಾಗದದಲ್ಲಿ ‘ಸದರಿ ನೋಟೀಸು ತಮಗೆ ತಲುಪಿದೆಯೆಂದು ಭಾವಿಸಲಾಗುವುದು’ ಎಂದು ಬರೆದಿದ್ದರು. ವೃದ್ಧರು ಕನ್ನಡಕ ತೆಗೆದು ಒರೆಸುತ್ತಾ, “ಅವರು ಭಾವಿಸುವುದಾದರೆ ಭಾವಿಸಲಿ ಮಾರಾಯರೇ, ನನಗಂತೂ ಬರಲಿಲ್ಲ. ನಾನು ಯಾಕೆ ಉತ್ತರ ಕೊಡಬೇಕು?” ಎಂದು ಕೇಳಿದರು. ಕನ್ನಡದ ಪ್ರಕಾರ ಅವರ ಪ್ರಶ್ನೆ ನೂರಕ್ಕೆ ನೂರು ಸರಿ. ಇನ್ನೊಬ್ಬನ ಭಾವನೆಗೆ ನಾನು ಉತ್ತರ ಕೊಡಬೇಕಾದದ್ದಿಲ್ಲ. ಕಾನೂನಿನ ಪ್ರಕಾರ ಅವರು ತೊಂದರೆಯಲ್ಲಿದ್ದರು. 1897ರ ಜನರಲ್ ಕ್ಲಾಸಸ್ ಆ್ಯಕ್ಟಿನ 27ನೆಯ ಕಲಮಿನಂತೆ, ಸರಿಯಾದ ವಿಳಾಸ ಬರೆದು, ಅಂಚೆವೆಚ್ಚ ತೆತ್ತು, ರಿಜಿಸ್ಟರ್ ಮಾಡಿ ಅಂಚೆಗೆ ಹಾಕಿದರೆ ಅದು ಮುಟ್ಟಿದ ಲೆಕ್ಕವೇ. ಮುಟ್ಟಲಿಲ್ಲ ಎನ್ನುವವನು ಅದನ್ನು ತಾನೇ ರುಜುಪಡಿಸಬೇಕು. ‘ಮುಟ್ಟಿದ ಲೆಕ್ಕ’ ಎಂದು ನಾನು ಬಾಯಿಮಾತಿನಲ್ಲಿ ಹೇಳಿದ ಮರುಕ್ಷಣವೇ ಅವರಿಗೆ ಅರ್ಥವಾಯಿತು, ಮುಖವೂ ಬಾಡಿತು. ಅಚ್ಚಿನ ಕನ್ನಡ ಮುಟ್ಟಿಸಲಾರದ್ದನ್ನು ಆಡುಗನ್ನಡ ಎರಡು ಶಬ್ದದಲ್ಲಿ ಮುಟ್ಟಿಸಿದ ಆ ಗಳಿಗೆ ನನಗೆ ಇಂದಿಗೂ ನೆನಪಿದೆ.

ಈ ‘ಲೆಕ್ಕ’ ಎಷ್ಟು ದೂರ ಹೋಗಬಲ್ಲುದು ಎಂಬುದಕ್ಕೆ ನಮ್ಮ ಜಿಲ್ಲೆಗಳಿಗಿಂತ ಒಳ್ಳೆಯ ಉದಾಹರಣೆ ಬೇರೆ ಕಡೆ ಸಿಗಲಿಕ್ಕಿಲ್ಲ. ಅಳಿಯಸಂತಾನ ಕಟ್ಟಿನಲ್ಲಿ ಆಸ್ತಿ ಕುಟುಂಬದ್ದು, ಕವರಿನದ್ದು (ಕವರು ಎಂದರೆ ಕುಟುಂಬದ ಒಂದು ಕವಲು). ಹೆಣ್ಣಿನ ಸಂತತಿಯಲ್ಲಿ ಇಳಿಯುವಂಥದ್ದು. ಗಂಡಸು ತೀರಿಕೊಂಡರೆ ಅವನ ಹಕ್ಕು ಕುಟುಂಬದಲ್ಲೇ ಲೀನ. ಅವನ ಹೆಂಡತಿ ಮಕ್ಕಳಿಗೆ ಅವರದೇ ಬೇರೆ ಕುಟುಂಬ ಇದೆಯಲ್ಲ ಎಂಬುದು ಹಳೆಯ ನ್ಯಾಯ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 7ನೆಯ ಕಲಮು ಇದನ್ನು ಒಂದು ‘ಡೀಮ್ಡ್’ನಿಂದ ತಿರುಗಿಸಿಬಿಟ್ಟಿತು. ಅವಿಭಕ್ತ ಹಕ್ಕುಳ್ಳ ಸದಸ್ಯನೊಬ್ಬ ಸತ್ತರೆ, ಸಾಯುವುದಕ್ಕೆ ಸ್ವಲ್ಪವೇ ಮೊದಲು ಅಂದು ಬದುಕಿದ್ದ ಎಲ್ಲ ಸದಸ್ಯರ ನಡುವೆ ತಲೆಯೆಣಿಕೆಯಂತೆ ಪಾಲಾಗಿದ್ದರೆ ಅವನಿಗೆ ಎಷ್ಟು ಬರುತ್ತಿತ್ತೋ ಅದೇ ಅವನ ಪಾಲು ಎಂದು ಹಿಡಿಯಬೇಕು. ಅಂಥ ಪಾಲನ್ನು ಕೇಳುವ ಹಕ್ಕು ಅಳಿಯಸಂತಾನ ಕಾನೂನಿನಲ್ಲಿ ಅವನಿಗೆ ಇತ್ತೇ ಇಲ್ಲವೇ ಎಂಬ ಪ್ರಶ್ನೆ ಬೇಡ. ಆ ಪಾಲು ಅವನಿಗೆ ಸಂಪೂರ್ಣವಾಗಿ ಸಂದಿತ್ತು ಎಂತಲೂ ಹಿಡಿಯಬೇಕು. ಯಾವ ಪಾಲೂ ಆಗಿಲ್ಲ. ಪಾಲುಪಟ್ಟಿ ಬರೆದಿಲ್ಲ, ಸರ್ವೆಯವರು ಸಂಕೋಲೆ ಎಳೆದಿಲ್ಲ, ಬಾವಿಯ ನೀರಿಗಾಗಿ ಯಾರೂ ಜಗಳಾಡಿಲ್ಲ. ಸತ್ತವನಿಗೆ ತನ್ನ ಜೀವಮಾನದ ಕೊನೆಯ ಕ್ಷಣದಲ್ಲಿ ಇಂಥದ್ದೊಂದು ಪಾಲು ನಡೆಯಿತೆಂಬ ಅರಿವೂ ಇಲ್ಲ. ಆದರೂ ನಡೆದೇ ಇಲ್ಲದ ಆ ಪಾಲಿನ ಮೇಲೆ ನಿಂತು ಅವನ ಹೆಂಡತಿ ಮಕ್ಕಳು ವಾರಸುದಾರರಾದರು. ಇದನ್ನು ‘ಪಾಲಾಗಿದೆ ಎಂದು ಭಾವಿಸಲಾಗಿದೆ’ ಎಂದು ಬರೆದು ನೋಡಿ. ಯಾರೋ ಜಗಲಿಯಲ್ಲಿ ಕುಳಿತು ಊಹಿಸಿದ ಹಾಗಿದೆ. ಆ ಊಹೆಯಿಂದ ಒಂದು ಸೆಂಟ್ಸು ಜಾಗವೂ ಅಲುಗದು.

ಅದೇ ವರ್ಷದ ದತ್ತಕ ಮತ್ತು ಜೀವನಾಂಶ ಕಾಯಿದೆಯೂ ದತ್ತು ಮಗುವಿನ ಬಗ್ಗೆ ಇದೇ ಶಬ್ದವನ್ನು ಹಿಡಿದಿದೆ: ದತ್ತು ಪಡೆದ ದಿನದಿಂದ ಎಲ್ಲ ಉದ್ದೇಶಗಳಿಗೂ ಆ ಮಗು ಸಾಕುವವರ ಮಗು. ಸಂವಿಧಾನದ 341ನೆಯ ವಿಧಿಯೂ ಹಾಗೆಯೇ. ರಾಷ್ಟ್ರಪತಿಗಳ ಅಧಿಸೂಚನೆಯಲ್ಲಿ ಹೆಸರಿಸಲಾದ ಜಾತಿಗಳು ಸಂವಿಧಾನದ ಉದ್ದೇಶಗಳಿಗಾಗಿ ಅನುಸೂಚಿತ ಜಾತಿಗಳೆಂದು ‘ಡೀಮ್ಡ್’. ದತ್ತು ಮಗಳನ್ನು ‘ಮಗಳೆಂದು ಶಂಕಿಸಲಾದವಳು’ ಎಂದು ಬರೆಯಲು ಯಾವ ವರದಿಗಾರನ ಕೈ ಏಳುತ್ತದೆ?

ಯಕ್ಷಗಾನ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹನೂಮಂತ ರಂಗಸ್ಥಳಕ್ಕೆ ಒಂದು ಸುತ್ತು ಬಂದರೆ ಸಮುದ್ರ ದಾಟಿ ಲಂಕೆಗೆ ಬಂದಾಯಿತು, ‘ಎಲ್ಲಿ ಸಮುದ್ರ?’ ಎಂದು ಕೇಳುವವನು ಆಟಕ್ಕೆ ಬರಬೇಕಾದವನಲ್ಲ. ಆದರೆ ಆ ಲೆಕ್ಕ ರಂಗಸ್ಥಳದ ಒಳಗೆ ಮಾತ್ರ. ಚೌಕಿಗೆ ಹೋಗಿ ಕಿರೀಟ ಬಿಚ್ಚಿದ ರಾವಣನಿಗೆ ಊಟದ ಪಂಕ್ತಿಯಲ್ಲಿ ಲಂಕಾಧಿಪತಿಯ ಮರ್ಯಾದೆ ಇಲ್ಲ. ಕಾಯಿದೆಯ ‘ಡೀಮ್ಡ್’ಗೂ ಬಹುತೇಕ ಇಂಥದೇ ಒಂದು ರಂಗಸ್ಥಳವಿದೆ, ಅದರ ಗೆರೆಯೇ ‘ಈ ಕಾಯಿದೆಯ ಉದ್ದೇಶಗಳಿಗಾಗಿ’ ಎಂಬ ಮಾತು. ವರದಿಗಳಲ್ಲಿ ಮೊದಲು ಬಿದ್ದುಹೋಗುವುದೂ ಅದೇ ಮಾತು. ಆದರೆ ಗೆರೆಯ ಒಳಗಿದ್ದಷ್ಟು ಹೊತ್ತು ಅರ್ಧಂಬರ್ಧ ನಂಬುವುದಕ್ಕೆ ಅವಕಾಶವಿಲ್ಲ. 1951ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಒಂದು ವ್ಯಾಜ್ಯದಲ್ಲಿ ಲಾರ್ಡ್ ಆಸ್ಕ್ವಿತ್, ಇಲ್ಲದ ಸ್ಥಿತಿಯೊಂದನ್ನು ಇದೆಯೆಂದು ಹಿಡಿಯಲು ಕಾಯಿದೆ ಹೇಳಿದ ಮೇಲೆ ಅದರಿಂದ ಸಹಜವಾಗಿ ಹೊರಡುವ ಪರಿಣಾಮಗಳನ್ನೂ ಇವೆಯೆಂದೇ ಹಿಡಿಯಬೇಕು, ನಡುದಾರಿಯಲ್ಲಿ ಕಲ್ಪನೆ ಮುಗ್ಗರಿಸಬಾರದು ಎಂಬ ಅರ್ಥದ ಮಾತು ಹೇಳಿದ್ದು ನಮ್ಮ ಸುಪ್ರೀಂ ಕೋರ್ಟಿನ ಎಷ್ಟೋ ತೀರ್ಪುಗಳಲ್ಲಿ ಮರಳಿ ಮರಳಿ ಬಂದಿದೆ. ಎಲ್ಲ ‘ಡೀಮ್ಡ್’ಗಳೂ ಕಟ್ಟುಕತೆಗಳೆಂದು ತಿಳಿಯುವುದೂ ತಪ್ಪೇ. ಅದೇ ಕಾಲದ ಇನ್ನೊಂದು ತೀರ್ಪಿನಲ್ಲಿ ಲಾರ್ಡ್ ರ‍್ಯಾಡ್‌ಕ್ಲಿಫ್ ವಿವರಿಸಿರುವಂತೆ, ಈ ಶಬ್ದವನ್ನು ಕೆಲವೊಮ್ಮೆ ಕೃತಕ ಅರ್ಥವೊಂದನ್ನು ಹೇರಲು ಬಳಸುತ್ತಾರೆ, ಕೆಲವೊಮ್ಮೆ ಸಂಶಯವಿದ್ದಲ್ಲಿ ಅದನ್ನು ತೊಡೆದುಹಾಕಲು, ಮತ್ತೆ ಕೆಲವೊಮ್ಮೆ ಸ್ಪಷ್ಟವಾದದ್ದು, ಸಂದಿಗ್ಧವಾದದ್ದು, ಲೋಕರೂಢಿಯಲ್ಲಿ ಅಸಾಧ್ಯವಾದದ್ದು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಲು. ಮೂರರಲ್ಲಿಯೂ ಶಂಕೆ ಹುಟ್ಟಿಸುವ ಕೆಲಸವಿಲ್ಲ ಎಂಬುದನ್ನು ಗಮನಿಸಬೇಕು.

ಇನ್ನು ವಿಶ್ವವಿದ್ಯಾಲಯಗಳ ವಿಷಯ. ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ಬಸ್ಸಿನಲ್ಲಿ ಜೂನ್ ತಿಂಗಳಿನಲ್ಲಿ ಕುಳಿತರೆ ಸಾಕು, ‘ಡೀಮ್ಡ್ ಅಂದ್ರೆ ಇನ್ನೂ ಪೂರ್ತಿ ಆಗದ್ದು ಅಲ್ವಾ?’ ಎಂಬ ಪ್ರಶ್ನೆ ಯಾರಾದರೊಬ್ಬ ತಂದೆಯ ಬಾಯಿಂದ ಬಂದೇ ಬರುತ್ತದೆ. 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯಿದೆಯ 3ನೆಯ ಕಲಮಿನ ಪ್ರಕಾರ, ಆಯೋಗದ ಸಲಹೆಯಂತೆ ಕೇಂದ್ರ ಸರಕಾರ ಒಂದು ಉನ್ನತ ಶಿಕ್ಷಣ ಸಂಸ್ಥೆಯನ್ನು ಹಾಗೆ ಘೋಷಿಸಿದರೆ, ಅದು ವಿಶ್ವವಿದ್ಯಾಲಯವೇ ಆಗಿದ್ದರೆ ಹೇಗೋ ಹಾಗೆ ಆ ಕಾಯಿದೆಯ ಎಲ್ಲ ಉಪಬಂಧಗಳೂ ಅದಕ್ಕೆ ಅನ್ವಯಿಸುತ್ತವೆ. ಪದವಿ ಕೊಡುವ ಅಧಿಕಾರವೂ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಈ ಸ್ಥಾನ ಸಿಕ್ಕಿದ್ದು 1958ರಲ್ಲಿ. ಅದನ್ನು ‘ಪೂರ್ತಿ ಆಗದ್ದು’ ಎನ್ನುವ ಧೈರ್ಯ ಯಾರಿಗೂ ಇರಲಾರದು. ಮಣಿಪಾಲದ ಸಂಸ್ಥೆಗೆ ಸಿಕ್ಕಿದ್ದು 1993ರಲ್ಲಿ. ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜಾಗಿದ್ದ ಕೆಆರ್‌ಇಸಿ 2002ರಲ್ಲಿ ಎನ್‌ಐಟಿಕೆ ಆದದ್ದೂ ಇದೇ ದಾರಿಯಿಂದ. ಹಾಗೆಂದು ರಂಗಸ್ಥಳದ ಗೆರೆ ಇಲ್ಲಿಯೂ ಇದೆ: 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಆದೇಶವನ್ನನುಸರಿಸಿ ಯುಜಿಸಿಯು ಇಂಥ ಸಂಸ್ಥೆಗಳು ತಮ್ಮ ಹೆಸರಿನಲ್ಲಿ ‘ಯೂನಿವರ್ಸಿಟಿ’ ಎಂಬ ಶಬ್ದವನ್ನು ಬಳಸಬಾರದೆಂದು ಹೇಳಿತು, ಮಣಿಪಾಲದ ಫಲಕದಲ್ಲೂ ‘ಅಕಾಡೆಮಿ’ ಮರಳಿ ಬಂತು. ಪದವಿಯ ಬೆಲೆ ಬದಲಾಗಲಿಲ್ಲ, ಹೆಸರು ಬದಲಾಯಿತು. ‘ಸ್ವಾಯತ್ತ’ ಎಂಬುದು ಬೇರೆಯೇ ವರ್ಗ. ಸ್ವಾಯತ್ತ ಕಾಲೇಜು ತಾನೇ ಪಠ್ಯಕ್ರಮ ರೂಪಿಸಿ ಪರೀಕ್ಷೆ ನಡೆಸಬಹುದು, ಪದವಿಯನ್ನು ಮಾತ್ರ ಅದು ಸೇರಿದ ವಿಶ್ವವಿದ್ಯಾಲಯವೇ ಕೊಡಬೇಕು. ಎರಡನ್ನೂ ಕಲಸಿದರೆ ಪೆಟ್ಟು ಬೀಳುವುದು ಶುಲ್ಕ ಕಟ್ಟುವವರಿಗೆ.

ಡೀಮ್ಡ್ ಫಾರೆಸ್ಟಿನ ಕತೆ ಸ್ವಲ್ಪ ಬೇರೆ, ಅಲ್ಲಿ ವರದಿಗಾರರ ಮೇಲೆ ಪೂರ್ತಿ ತಪ್ಪು ಹೊರಿಸಲಾರೆ. 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ಮೂಲ ಪಾಠದಲ್ಲಿ ಆ ಹೆಸರಿನ ವರ್ಗವೇ ಇಲ್ಲ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ‘ಅರಣ್ಯ’ ಎಂಬ ಶಬ್ದವನ್ನು ನಿಘಂಟಿನ ಅರ್ಥದಲ್ಲೇ ತಿಳಿಯಬೇಕು, ಜಾಗ ಯಾರದೆಂಬುದು ಮುಖ್ಯವಲ್ಲ ಎಂದಿತು. ಅದರಂತೆ ರಾಜ್ಯಗಳು ಸಮಿತಿ ಮಾಡಿ ಗುರುತಿಸಿದ ಜಾಗಗಳಿಗೆ ಬಳಕೆಯಲ್ಲಿ ಈ ಹೆಸರು ಬಿತ್ತು. ನಮ್ಮಲ್ಲಿ ಮೊದಲು ಗುರುತಿಸಿದ್ದು ಸುಮಾರು 9.94 ಲಕ್ಷ ಹೆಕ್ಟೇರ್. 2022ರಲ್ಲಿ ರಾಜ್ಯ ಸರಕಾರ ಅದನ್ನು ಸುಮಾರು 3.30 ಲಕ್ಷ ಹೆಕ್ಟೇರಿಗೆ ಇಳಿಸಿತು. ಪಟ್ಟಿ ಮಾಡುವಾಗ ಅಧಿಕಾರಿಗಳು ಶಬ್ದದ ಮೊದಲನೆಯ ಕೆಲಸ ಮಾಡುತ್ತಾರೆ, ಅಂದರೆ ನೋಡಿ ತೂಗಿ ತೀರ್ಮಾನಿಸುತ್ತಾರೆ. ಪಟ್ಟಿಗೆ ಸೇರಿದ ಮೇಲೆ ಅದೇ ಶಬ್ದ ಎರಡನೆಯ ಕೆಲಸಕ್ಕೆ ಇಳಿಯುತ್ತದೆ, ಅಂದರೆ ಆ ಜಾಗದಲ್ಲಿ ಮರವಿರಲಿ ಬಿಡಲಿ, ಕೇಂದ್ರದ ಅನುಮತಿ ಇಲ್ಲದೆ ಬೇರೆ ಬಳಕೆಗೆ ಕೊಡುವಂತಿಲ್ಲ. ಕುಮ್ಕಿಯಲ್ಲಿ, ಅಂದರೆ ತನ್ನ ಜಮೀನಿಗೆ ತಾಗಿದ ಸರಕಾರಿ ಜಾಗದಲ್ಲಿ, ಮನೆ ಕಟ್ಟಿಕೊಂಡು ಅದರ ಸಕ್ರಮಕ್ಕಾಗಿ 94ಸಿ ಅರ್ಜಿ ಹಾಕಿದವನ ಇಡೀ ಸಂಕಟ ಈ ಎರಡರ ನಡುವಿನ ಬಿರುಕಿನಲ್ಲಿದೆ. ಮೊದಲ ಹಂತದಲ್ಲಿ ‘ಇದು ಕಾಡಲ್ಲ, ಬಂದು ನೋಡಿ’ ಎಂದು ಅವನು ವಾದಿಸಬಹುದು. ಎರಡನೆಯ ಹಂತದಲ್ಲಿ ಆ ವಾದ ಕೇಳುವ ಕಿವಿ ತಾಲೂಕು ಕಚೇರಿಯಲ್ಲಿಲ್ಲ, ಪಟ್ಟಿಯನ್ನೇ ಪ್ರಶ್ನಿಸಬೇಕು. ‘ಶಂಕಿಸಲಾದ ಜಾಗ’ ಎಂದು ಓದಿದವನು ಶಂಕೆ ತಾನಾಗಿ ಪರಿಹಾರವಾದೀತೆಂದು ಕಾದು ಕೂರುತ್ತಾನೆ.

ಅಮಾನತಿನ ಸುದ್ದಿಗೆ ಹೆಚ್ಚು ಮಾತು ಬೇಡ. ಸರಕಾರಿ ನೌಕರ 48 ಗಂಟೆಗಿಂತ ಹೆಚ್ಚು ಬಂಧನದಲ್ಲಿದ್ದರೆ ಬಂಧನದ ದಿನದಿಂದಲೇ ಅವನು ಅಮಾನತಿನಲ್ಲಿರುವ ಲೆಕ್ಕ ಎಂಬುದು ನಿಯಮ. ಅಲ್ಲಿ ಭಾವಿಸುವವರು ಯಾರೂ ಇಲ್ಲ.

ಶಬ್ದದ ಹುಟ್ಟಿಗೆ ಬಂದರೆ, ಹಳೆಯ ಇಂಗ್ಲಿಷಿನಲ್ಲಿ ‘ಡೂಮ್’ ಎಂದರೆ ತೀರ್ಪು, ‘ಡೀಮ್’ ಎಂದರೆ ತೀರ್ಪು ಕೊಡುವುದು. ತೀರ್ಪಿಗಿದ್ದ ಹೆಸರು ಕಾಲಕ್ರಮದಲ್ಲಿ ಸರ್ವನಾಶವೆಂಬ ಅರ್ಥಕ್ಕೆ ಇಳಿಯಿತು, ಕ್ರಿಯಾಪದ ಮಾತ್ರ ಕರಿಕೋಟು ಹಾಕಿಕೊಂಡು ಕಚೇರಿಯಲ್ಲೇ ಉಳಿಯಿತು. ಇಂಗ್ಲೆಂಡು, ಐರ್ಲೆಂಡುಗಳ ನಡುವಿನ ಮ್ಯಾನ್ ದ್ವೀಪದಲ್ಲಿ ಇಂದಿಗೂ ಉನ್ನತ ನ್ಯಾಯಾಧೀಶರನ್ನು ‘ಡೀಮ್‌ಸ್ಟರ್’ ಎಂದೇ ಕರೆಯುತ್ತಾರೆ. ಅವರು ತೆಗೆದುಕೊಳ್ಳುವ ಪ್ರಮಾಣವಚನದಲ್ಲಿ ಹೆರಿಂಗ್ ಮೀನಿನ ಬೆನ್ನುಮುಳ್ಳು ಮೀನಿನ ನಟ್ಟನಡುವೆ ಇರುವಂತೆ ಪಕ್ಷಪಾತವಿಲ್ಲದೆ ನ್ಯಾಯ ಹೇಳುತ್ತೇನೆ ಎಂಬ ಮಾತುಂಟು. ಹೆರಿಂಗ್ ಎಂಬುದು ನಮ್ಮ ಬೂತಾಯಿಯ ಬಳಗದ್ದೇ ಮೀನು. ಮಲ್ಪೆಯವರೂ ಬಂದರಿನವರೂ ಈ ಪ್ರಮಾಣವನ್ನು ನಮ್ಮ ವಕೀಲರಿಗಿಂತ ಬೇಗ ಗ್ರಹಿಸಿಯಾರು.

ಹಾಗಾದರೆ ಕನ್ನಡದಲ್ಲಿ ಏನೆನ್ನಬೇಕು? ‘ಭಾವಿಸು’ ಎಂಬುದನ್ನು ಆರಿಸಿದವರು ಅವಿವೇಕಿಗಳಲ್ಲ ಎಂಬುದನ್ನು ಒಪ್ಪುತ್ತೇನೆ. ಸಂಸ್ಕೃತದಲ್ಲಿ ಅದರ ಬೇರು ‘ಆಗು’ ಎಂಬ ಅರ್ಥದ್ದು; ‘ಭಾವಯತಿ’ ಎಂದರೆ ಆಗುವಂತೆ ಮಾಡುವುದು. ಇಲ್ಲದ್ದನ್ನು ಇರುವಂತೆ ಮಾಡುವ ಶಬ್ದಕ್ಕೆ ಅದಕ್ಕಿಂತ ತಕ್ಕದ್ದಿರಲಿಲ್ಲ. ಆದರೆ ಕನ್ನಡಕ್ಕೆ ಬಂದು ಅದು ಭಾವನೆ, ಭಾವಗೀತೆಗಳ ಸಹವಾಸದಲ್ಲಿ ಮೆತ್ತಗಾಯಿತು. ಸರಕಾರಿ ಕನ್ನಡದ ‘ಪರಿಭಾವಿತ ಅರಣ್ಯ’ ಕಿವಿಗೆ ಘನವಾಗಿದೆ, ಆದರೆ ಹಳಗನ್ನಡ ಓದಿದವನಿಗೆ ಮೊದಲು ನೆನಪಾಗುವುದು ಸೋಲು, ಅವಮಾನಗಳ ಅರ್ಥದ ‘ಪರಿಭವ’. ಕಚೇರಿಗೆ ಅಲೆದವನ ಅನುಭವಕ್ಕೆ ಅದು ಒಪ್ಪಬಹುದೇನೋ. ಹಿಂದಿಯವರ ‘ಮಾನಿತ’ ನಮ್ಮಲ್ಲಿ ‘ಮಾನ್ಯತೆ ಪಡೆದ’ ಎಂಬುದರೊಂದಿಗೆ ಗಂಟುಬೀಳುತ್ತದೆ. ‘ಪರಿಗಣಿಸು’ ಪರವಾಗಿಲ್ಲ, ಆದರೆ ‘ಅರ್ಜಿಯನ್ನು ಪರಿಗಣಿಸಲಾಗುವುದು’ ಎಂದು ಹೇಳಿ ಹೇಳಿ ಅದಕ್ಕೆ ‘ನೋಡೋಣ’ ಎಂಬ ಅರ್ಥ ಹತ್ತಿದೆ.

ಉಳಿದದ್ದು ನಮ್ಮದೇ ‘ಎಣಿಸು’ ಮತ್ತು ‘ಲೆಕ್ಕ’. ನಮ್ಮ ಕಡೆ ‘ಎಣಿಸು’ ಎಂದರೆ ಲೆಕ್ಕ ಮಾಡುವುದೂ ಹೌದು, ತಿಳಿಯುವುದೂ ಹೌದು. ತುಳುವಿನ ‘ಎಣ್ಣುನಿ’ಯೂ ಹಾಗೆಯೇ. ತುಳುವಿನಲ್ಲಿ ‘ಎನ್ನ ಲೆಕ್ಕ’ ಎಂದರೆ ‘ನನ್ನ ಹಾಗೆ’. ಎಣಿಕೆಯಲ್ಲಿ ಒಂದು ಗುಣವಿದೆ: ಎಣಿಸುವಾಗ ವಸ್ತು ಹೇಗಿದೆ ಎಂಬುದಕ್ಕಿಂತ ಅದು ಯಾವ ಸಾಲಿಗೆ ಸೇರಿತು ಎಂಬುದೇ ಮುಖ್ಯ. ಕಾಯಿದೆ ಕೇಳುವುದೂ ಅದನ್ನೇ. ಆದ್ದರಿಂದ ಶಾಸನದ ಅನುವಾದದಲ್ಲಿ ‘ಎಂದೇ ಎಣಿಸತಕ್ಕದ್ದು’ ಎಂದೂ, ಸುದ್ದಿಯಲ್ಲಿ ‘ಕಾನೂನಿನ ಲೆಕ್ಕದಲ್ಲಿ ಅರಣ್ಯ’, ‘ನೋಟೀಸು ಮುಟ್ಟಿದ ಲೆಕ್ಕ’ ಎಂದೂ ಬರೆಯಬಹುದೆಂದು ನನ್ನ ಅಭಿಮತ. ಆ ‘ಏ’ಕಾರವನ್ನು ದಯವಿಟ್ಟು ಉಳಿಸಿಕೊಳ್ಳಬೇಕು, ಅಪ್ಪಣೆ ಇರುವುದು ಅದರಲ್ಲಿ. ‘ಡೀಮ್ಡ್’ ಎಂದೇ ಕನ್ನಡ ಲಿಪಿಯಲ್ಲಿ ಬಿಟ್ಟರೂ ನನ್ನ ತಕರಾರಿಲ್ಲ, ತಾಲೂಕು ಕಚೇರಿಯ ಕಟ್ಟೆಯಲ್ಲಿ ಕುಳಿತವರಿಗೆಲ್ಲ ಅದು ಈಗ ಗೊತ್ತಿರುವ ಶಬ್ದ. ‘ಶಂಕಿಸಲಾದ’, ‘ಎನ್ನಲಾದ’ ಎಂಬವು ಮಾತ್ರ ಬೇಡ.

ಆ ಮೂರು ಸುದ್ದಿಗಳ ಪೈಕಿ ಅರಣ್ಯದ್ದಕ್ಕೆ ಒಂದು ತಿದ್ದುಪಡಿ ಅಗತ್ಯವೆಂದು ನನಗೆ ಕಾಣುತ್ತದೆ. ಆ ವರದಿಯನ್ನು ಕತ್ತರಿಸಿ ಅರ್ಜಿಯ ಜತೆ ಲಗತ್ತಿಸಿಕೊಂಡವರೊಬ್ಬರು ಮೊನ್ನೆ ನಮ್ಮ ಮನೆಗೆ ಬಂದಿದ್ದರು. ಬರಿಯ ಶಂಕೆ ಎಂದು ಪೇಪರಿನಲ್ಲೇ ಬಂದಿದೆಯಲ್ಲ ಎಂದು ಅವರು ಸಂತೋಷದಲ್ಲಿದ್ದರು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ನ್ಯಾಯಾಲಯ ಭಾಷಾಂತರಕಾರ,
ಉಡುಪಿ